ಓದು ಬರುವ ದೆವ್ವ

ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇವೆ. ಐದನೇ ಸೆಮಿಸ್ಟರಿಗೆ ಬಂದಿರುವ ನಾವು, ಇಂಟರ್ನಲ್ಸ್ ಹಿಂದಿನ ರಾತ್ರಿ ತಲೆ ಕೆಟ್ಟಾಗ ಇವತ್ತಿಗೂ ಕೈಗೆತ್ತಿಕೊಳ್ಳೋದು ಮಕ್ಕಳ ದೆವ್ವದ ಕಥೆ. ದೊಡ್ಡವರ ಹಾರರ್ ಅಲ್ಲ. ರಕ್ತ, ಕೊಡಲಿ, ಕೊಲೆ ಯಾವುದೂ ನಮಗೆ ಬೇಡ. ಒಂಬತ್ತರಿಂದ ಹದಿಮೂರು ವರ್ಷದವರಿಗೆ ಅಂತ ಬರೆದ, ಕಿಟಕಿ ಕಿರ್ ಅನ್ನುವ, ಮೆಟ್ಟಿಲ ಮೇಲೆ ಯಾರೋ ನಡೆದಂತಾಗುವ, ಕೊನೆಗೆ ಮನೆಗೆ ವಾಪಸ್ ಬಂದು ಊಟ ಮಾಡಿ ಮಲಗುವ ಕಥೆಗಳು.

ನಾವು ಅಂದರೆ ಮೂವರು. ಅಕ್ಕ, ತಮ್ಮ, ತಂಗಿಯ ಮಕ್ಕಳು. ಇಬ್ಬರು ಇದೇ ಕಾಲೇಜು, ಒಬ್ಬಳು ಬೇರೆ ಕಡೆ. ಈ ಲೇಖನ ಮೂವರೂ ಕೂತು ಬರೆದದ್ದು. ಬೇಸಿಗೆ ರಜೆ ಬಂತೆಂದರೆ ನಮ್ಮನ್ನೆಲ್ಲ ತಂದು ಬಿಡುತ್ತಿದ್ದದ್ದು ಬಸವನಗುಡಿಯ ಅಜ್ಜಿ ಮನೆಗೆ. ಮಂಗಳೂರು ಹೆಂಚು, ಕೆಂಪು ಗಾರೆ ನೆಲ, ಮುಂದೆ ಜಗುಲಿ, ಹಿಂದೆ ಹಿತ್ತಲು. ಬಚ್ಚಲುಮನೆ ಹಿತ್ತಲಿನ ಆ ತುದಿಗೆ. ರಾತ್ರಿ ಅಲ್ಲಿಗೆ ಹೋಗಬೇಕು ಅಂದರೆ ಒಂದು ತೆಂಗಿನಮರ, ಒಂದು ಒಗೆಯೋ ಕಲ್ಲು ಮತ್ತು ಕಾಂಪೌಂಡಿನ ಆಚೆಯ ಕತ್ತಲೆ ಗಲ್ಲಿ, ಮೂರನ್ನೂ ದಾಟಬೇಕು. ದೆವ್ವದ ಕಥೆಗೆ ಇದಕ್ಕಿಂತ ಒಳ್ಳೆ ಸೆಟ್ಟಿಂಗ್ ಯಾವ ಡೈರೆಕ್ಟರೂ ಹಾಕಿಕೊಡೋಕೆ ಆಗಲ್ಲ.

ಆ ಗಲ್ಲಿಗೂ ಒಂದು ಕಥೆ ಇದೆ ಅಂತ ನಮಗೆ ಗೊತ್ತಾದದ್ದು ಬಹಳ ತಡವಾಗಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಹಳೇ ಪೇಟೆಯಲ್ಲಿ ಜನ ಸತ್ತರು, ಮನೆ ಬಿಟ್ಟು ಓಡಿದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಭಯದ ಬೆನ್ನಿಗೆ. ಅಗಲವಾದ ರಸ್ತೆ, ಮನೆ ಮನೆಯ ನಡುವೆ ಗಾಳಿ ಬೆಳಕಿಗೆ ಜಾಗ, ಮನೆಗಳ ಹಿಂಬದಿಗೆ ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ಅಂದರೆ ನಾವು ಹೆದರುತ್ತಿದ್ದ ಆ ಗಲ್ಲಿಯೇ ನಮಗಿಂತ ಮುಂಚೆ ಹೆದರಿದವರು ಕಟ್ಟಿಕೊಂಡ ಉಪಾಯ.

ಅಜ್ಜಿಯ ಹತ್ತಿರ ದೆವ್ವಗಳಿಗೆ ವಯಸ್ಸಿನ ಪ್ರಕಾರ ಸಿಲಬಸ್ ಇತ್ತು. ಊಟ ಮಾಡದ ಮೂರು ವರ್ಷದವರಿಗೆ ಗುಮ್ಮ. ಗುಮ್ಮನಿಗೆ ಮುಖ ಇಲ್ಲ, ಕಥೆ ಇಲ್ಲ, ಹೆಸರು ಹೇಳಿದರೆ ಸಾಕು. ಪುರಂದರದಾಸರ ಕೀರ್ತನೆಯೊಂದರಲ್ಲಿ ಸಾಕ್ಷಾತ್ ಕೃಷ್ಣನೇ ಗುಮ್ಮನಿಗೆ ಹೆದರುತ್ತಾನೆ ಅಂದ ಮೇಲೆ ನಮ್ಮದೇನು. ಏಳೆಂಟು ದಾಟಿದವರಿಗೆ ಕೊಳ್ಳಿದೆವ್ವ, ಬ್ರಹ್ಮರಾಕ್ಷಸ, ಬೇತಾಳ. ಇವಕ್ಕೆಲ್ಲ ರೂಪ ಇದೆ, ನಿಯಮ ಇದೆ, ತಪ್ಪಿಸಿಕೊಳ್ಳೋ ದಾರಿ ಇದೆ. ಬ್ರಹ್ಮರಾಕ್ಷಸ ಓದಿಕೊಂಡವನು, ಪ್ರಶ್ನೆ ಕೇಳ್ತಾನೆ, ಸರಿಯಾದ ಉತ್ತರ ಕೊಟ್ಟರೆ ಬಿಡ್ತಾನೆ. ಒಂಥರಾ ವೈವಾ ತಗೊಳ್ಳೋ ಎಕ್ಸ್‌ಟರ್ನಲ್ ಇದ್ದ ಹಾಗೆ. ಮೋಹಿನಿ ಮಾತ್ರ ನಮಗಿರಲಿಲ್ಲ. "ಅದು ಮೀಸೆ ಬಂದೋರಿಗೆ, ನಿಮಗ್ಯಾಕ್ರೋ ಈಗ" ಅಂತ ಅಜ್ಜಿ ಮಾತು ತೇಲಿಸಿಬಿಡೋರು.

ನಮಗೆ ಸಿಕ್ಕಿದ್ದು ಬೇತಾಳ. ಅಜ್ಜಿಯ ಬೀರುವಿನಲ್ಲಿ ಚಂದಮಾಮದ ಹಳೇ ಸಂಚಿಕೆಗಳಿದ್ದವು, ವರ್ಷಕ್ಕೊಂದರಂತೆ ದಪ್ಪ ರಟ್ಟು ಹಾಕಿ ಬೈಂಡ್ ಮಾಡಿಸಿದ್ದು. ಕನ್ನಡ ಚಂದಮಾಮ ಶುರುವಾದದ್ದು 1940ರ ದಶಕದ ಕೊನೆಗೆ. ಅಜ್ಜಿ ಓದು ಕಲಿತ ಕಾಲದಿಂದ ಓದಿಕೊಂಡು ಬಂದ ಪತ್ರಿಕೆ. ಅದರಲ್ಲಿ ಬೇತಾಳನ ಕಥೆಗೆ ಶಂಕರ್ ಅವರು ಬರೆದ ಚಿತ್ರ ನೋಡಿದವರು ಮರೆಯೋಕೆ ಸಾಧ್ಯವೇ ಇಲ್ಲ. ಕತ್ತಲ ಸ್ಮಶಾನ, ಕೈಯಲ್ಲಿ ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ. ನಾವು ಆ ಪುಟ ಬಂದಾಗ ಚಿತ್ರದ ಮೇಲೆ ಅಂಗೈ ಮುಚ್ಚಿಕೊಂಡು ಕಥೆ ಓದ್ತಿದ್ವಿ. ಆಮೇಲೆ ಒಂದೊಂದೇ ಬೆರಳು ಎತ್ತಿ ಚಿತ್ರ ನೋಡೋದು. ಮೊದಲು ರಾಜನ ಕಾಲು, ಆಮೇಲೆ ಕತ್ತಿ, ಕೊನೆಗೆ ಹೆಣ. ಭಯವನ್ನು ಹೀಗೆ ಬೆರಳೆಣಿಕೆಯಲ್ಲಿ ತಗೊಳ್ಳೋದೇ ಒಂದು ಸುಖ.

ಬೇತಾಳನ ಕಥೆ ಹೊಸದಲ್ಲ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಈ ಕಥೆಗಳ ಸರಣಿ ಇದೆ. ಲೆಕ್ಕಕ್ಕೆ ಇಪ್ಪತ್ತೈದು. ಚಂದಮಾಮದವರು ಅಲ್ಲಿಗೆ ನಿಲ್ಲಿಸದೆ ಹೊಸ ಹೊಸ ಕಥೆ ಬರೆಸಿ ದಶಕಗಟ್ಟಲೆ ರಾಜನನ್ನು ನಡೆಸಿದರು. ದೊಡ್ಡವರಾದ ಮೇಲೆ ನೋಡಿದರೆ ಇದರ ಕಟ್ಟೋಣ ಎಷ್ಟು ಜಾಣತನದ್ದು ಅನಿಸುತ್ತೆ. ಭಯ ಇರೋದು ಹೊರಗಿನ ಚೌಕಟ್ಟಿನಲ್ಲಿ ಮಾತ್ರ. ಒಳಗಿರೋದು ಒಂದು ಒಗಟು. ಯಾರದು ತಪ್ಪು, ಯಾರು ದೊಡ್ಡವರು, ಯಾರಿಗೆ ಸಲ್ಲಬೇಕು. ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತೆ, ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತೆ. ಓದುವ ಹುಡುಗ ಉತ್ತರ ಯೋಚನೆ ಮಾಡುತ್ತಾ ಮಾಡುತ್ತಾ ತಾನು ಸ್ಮಶಾನದಲ್ಲಿ ಇದ್ದೀನಿ ಅನ್ನೋದನ್ನೇ ಮರೀತಾನೆ. ಕಥೆ ಮುಗಿದಾಗ ಸಂಜೆ ಆಗಿರೋದು, ಬ್ಯೂಗಲ್ ರಾಕ್ ಪಾರ್ಕಿನ ಮರಗಳಿಂದ ಬಾವಲಿಗಳು ಹೊರಟಿರೋವು. ಹಗಲೆಲ್ಲ ತಲೆಕೆಳಗಾಗಿ ನೇತಾಡಿ ಕತ್ತಲಾದ ಮೇಲೆ ಹಾರೋ ಪ್ರಾಣಿ ಬೇತಾಳನ ಕಡೆಯದೇ ಅಂತ ನಮ್ಮಲ್ಲಿ ದೊಡ್ಡವನು ತೀರ್ಪು ಕೊಟ್ಟಿದ್ದ.

ಆಮೇಲೆ ಗೂಸ್‌ಬಂಪ್ಸ್ ಬಂತು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ, ಮೂಲೆ ಮಡಚಿದ, ಯಾರದ್ದೋ ಹೆಸರು ಗೀಚಿದ ಪ್ರತಿಗಳು. ಆರ್.ಎಲ್. ಸ್ಟೈನ್ 1992ರಲ್ಲಿ ಶುರು ಮಾಡಿದ ಆ ಮಾಲೆಯಲ್ಲಿ ಮೊದಲ ಸುತ್ತಿಗೇ 62 ಪುಸ್ತಕ. ಅಧ್ಯಾಯದ ಕೊನೆಗೆ ಯಾರೋ ಹೆಗಲ ಮೇಲೆ ಕೈ ಇಡ್ತಾರೆ. ಮುಂದಿನ ಅಧ್ಯಾಯ ತೆಗೆದರೆ ಅದು ಅಮ್ಮನ ಕೈ. ಪ್ರತಿ ಸಲ ಮೋಸ ಹೋಗ್ತೀವಿ, ಪ್ರತಿ ಸಲ ಖುಷಿ ಆಗುತ್ತೆ. 'ದಿ ಹಾಂಟೆಡ್ ಮಾಸ್ಕ್' ಅನ್ನೋದರಲ್ಲಿ ಹುಡುಗಿಯೊಬ್ಬಳು ಹಾಕಿಕೊಂಡ ಮುಖವಾಡ ಕಳಚೋದೇ ಇಲ್ಲ. ಕೊನೆಗೆ ಅದನ್ನು ಕಳಚಿಸೋದು ಮಂತ್ರವಲ್ಲ, ಅವಳ ಅಮ್ಮ ಪ್ರೀತಿಯಿಂದ ಮಾಡಿದ್ದ ಒಂದು ವಸ್ತು. ಹನ್ನೊಂದು ವರ್ಷಕ್ಕೆ ಓದಿದಾಗ ನಾವು ಮೂವರೂ ಪುಸ್ತಕವನ್ನು ರಾತ್ರಿ ಬೇರೆ ರೂಮಿನಲ್ಲಿ ಬೋರಲಾಗಿಟ್ಟು, ಮೇಲೆ ಡಿಕ್ಷನರಿ ಹೇರಿ ಮಲಗಿದ್ವಿ. ಮುಖಪುಟ ಎದ್ದು ಬಂದರೆ?

ನಮ್ಮ ಮಾವ ಇದನ್ನೆಲ್ಲ ನೋಡಿ ನಗ್ತಿದ್ರು. ಅವರು ಓದಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ. ಡಾ. ಎಚ್. ನರಸಿಂಹಯ್ಯನವರ ಮಾತು ಕೇಳಿ ಬೆಳೆದವರು. ಎಚ್ಚೆನ್ ಅಂದರೆ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದವರು. ಮಾವನಿಗೆ ದೆವ್ವದ ವಿಚಾರದಲ್ಲಿ ಅನುಮಾನವೇ ಇಲ್ಲ.

"ದೆವ್ವ ಇಲ್ಲ ಅಂತ ನಿಮಗೂ ಗೊತ್ತು ತಾನೇ? ಮತ್ತೆ ಯಾಕ್ರೋ ಓದ್ತೀರಾ?"

"ಇಲ್ಲ ಅಂತ ಗೊತ್ತಿರೋದಕ್ಕೇ ಓದ್ತೀವಿ ಮಾವ" ಅಂದಿದ್ದಳು ನಮ್ಮಲ್ಲೊಬ್ಬಳು.

ಆಗ ಅದು ಬಾಯಿಗೆ ಬಂದ ಉತ್ತರ. ಈಗಲೂ ಅದಕ್ಕಿಂತ ಒಳ್ಳೆ ಉತ್ತರ ನಮಗೆ ಹೊಳೆದಿಲ್ಲ. ಕಥೆಯ ದೆವ್ವ ಪುಸ್ತಕದೊಳಗೆ ಇರುತ್ತೆ. ಭಯ ಜಾಸ್ತಿ ಆದರೆ ಎಷ್ಟು ಪುಟ ಉಳಿದಿದೆ ಅಂತ ಹೆಬ್ಬೆರಳಲ್ಲಿ ಅಳೆದು ನೋಡಬಹುದು. ತೀರಾ ಜಾಸ್ತಿಯಾದರೆ ಮುಚ್ಚಿಡಬಹುದು. ಎಂಸಿಬಿ ಇರೋ ಸರ್ಕ್ಯೂಟಿನ ಹಾಗೆ, ಲೋಡು ಮೀರಿದರೆ ತಾನೇ ಟ್ರಿಪ್ ಆಗುತ್ತೆ, ಮನೆ ಸುಡೋದಿಲ್ಲ.

ಆದರೆ ಪುಸ್ತಕದಲ್ಲಿರದ ದೆವ್ವಗಳೂ ಇವೆ. ನಮ್ಮೂರಿನ ಬಹಳ ದೊಡ್ಡ ದೆವ್ವ ಅಂಥದ್ದೇ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು ಬಾಗಿಲು ಬಡಿಯುತ್ತೆ, ನಮ್ಮವರದೇ ದನಿಯಲ್ಲಿ ಕರೆಯುತ್ತೆ, ತೆಗೆದರೆ ಸತ್ತೆವು. ಅದಕ್ಕೆ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು. ದೆವ್ವ ಓದಿಕೊಂಡು ಹೋಗುತ್ತೆ, ನಾಳೆ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. 2018ರ ಹಿಂದಿ ಸಿನಿಮಾ 'ಸ್ತ್ರೀ' ಇದನ್ನೇ ಎತ್ತಿಕೊಂಡು ದುಡ್ಡು ಮಾಡಿತು. ನಮ್ಮ ಕನ್ನಡ ಸಂಘದವರು ಹೆಮ್ಮೆಪಡಬೇಕಾದ ವಿಷಯ ಅಂದರೆ ಆ ದೆವ್ವಕ್ಕೆ ಕನ್ನಡ ಓದೋಕೆ ಬರ್ತಿತ್ತು. ಈಗ ನಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಬರುತ್ತೆ ಕೇಳಿ ನೋಡಿ.

ನಗು ಇರಲಿ. ಆದರೆ ಇದು ಕಥೆ ಅಲ್ಲ, ಪುಕಾರು. ಬೇತಾಳನ ಕಥೆಗೆ ಕೊನೆ ಇದೆ. ನಾಳೆ ಬಾ ಅನ್ನೋದಕ್ಕೆ ಕೊನೆಯೇ ಇಲ್ಲ, ಇನ್ಫೈನೈಟ್ ಲೂಪ್. ಆ ವ್ಯತ್ಯಾಸ ನಮಗೆ ಗೊತ್ತಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮಾಡೋಕೆ ಕೆಲಸ ಇಲ್ಲದೆ, ಎಂಟು ವರ್ಷದ ಚಿಕ್ಕಮ್ಮನ ಮಗಳಿಗೆ, ನಮ್ಮ ಪೈಕಿ ಎಲ್ಲರಿಗಿಂತ ಚಿಕ್ಕವಳಿಗೆ, ನಾವು ಮೂವರೂ ಸೇರಿ ಅದನ್ನು ಹೇಳಿದ್ವಿ. ಬಾಗಿಲು ಬಡಿದು, ಅವಳ ಅಮ್ಮನ ದನಿ ಅನುಕರಿಸಿ, ಚೆನ್ನಾಗಿಯೇ ಹೆದರಿಸಿದ್ವಿ. ಕೊನೆ ಹೇಳಲಿಲ್ಲ. ಇದ್ದರೆ ತಾನೇ ಹೇಳೋದು.

2021ರ ಮೇ ತಿಂಗಳು. ನಾವೆಲ್ಲ ಅಜ್ಜಿ ಮನೆಯಲ್ಲೇ ಇದ್ದೆವು. ನಮ್ಮಲ್ಲಿ ಇಬ್ಬರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇವತ್ತು ಆಗುತ್ತೆ, ನಾಳೆ ಆಗುತ್ತೆ ಅನ್ನೋ ಸ್ಥಿತಿ. ಅಜ್ಜಿಗೆ ಜ್ವರ ಬಂತು, ಆಮೇಲೆ ಉಸಿರು. ಆಂಬುಲೆನ್ಸ್ ಹತ್ತೋವಾಗ ಅಜ್ಜಿ ತಿರುಗಿ "ಹಾಲು ಒಲೆ ಮೇಲಿದೆ, ನೋಡ್ಕೊಳ್ರೋ" ಅಂದರು. ಅದೇ ಕೊನೇ ಮಾತು. ಆರನೇ ದಿನ ಫೋನ್ ಬಂತು. ಮನೆಗೆ ತರೋ ಹಾಗಿರಲಿಲ್ಲ. ವಿದ್ಯುತ್ ಚಿತಾಗಾರದ ಮುಂದೆ ಮಾವ ಒಬ್ಬರೇ, ಮೈತುಂಬಾ ಪ್ಲಾಸ್ಟಿಕ್ ಬಟ್ಟೆ ತೊಟ್ಟು ನಿಂತಿದ್ದನ್ನು ನಾವು ಫೋನಿನಲ್ಲಿ ನೋಡಿದೆವು. ಸಿಗ್ನಲ್ ಸರಿಯಿಲ್ಲದೆ ಎರಡು ಸಲ ಕಟ್ ಆಯ್ತು. ಪುರೋಹಿತರು ಬರಲಾಗಲಿಲ್ಲ, ಕರ್ಮ ಎಲ್ಲ ಆಮೇಲೆ ಅಂದರು. ಗೇಟಿನ ಮೇಲೆ ಈ ಮನೆಗೆ ಯಾರೂ ಬರಬೇಡಿ ಅನ್ನುವ ನೋಟೀಸು ಅಂಟಿಸಿತ್ತು.

ಅವತ್ತು ರಾತ್ರಿ ಎಂಟೂವರೆಗೆ ಬಾಗಿಲು ಬಡಿದ ಸದ್ದಾಯ್ತು. ಹೆಂಗಸಿನ ದನಿ. ಪಕ್ಕದ ಮನೆ ಆಂಟಿ, ಕ್ಯಾರಿಯರ್‌ನಲ್ಲಿ ಸಾರು ಅನ್ನ ತಂದು ಜಗುಲಿ ಮೇಲಿಟ್ಟು ಕರೆದು ಹೋಗಿದ್ದರು. ನಾವು ಏಳೋದಕ್ಕೆ ಮುಂಚೆ ಚಿಕ್ಕವಳು ಕಿಟ್ಟನೆ ಕಿರುಚಿಕೊಂಡಳು. "ತೆಗೀಬೇಡಿ! ತೆಗೀಬೇಡಿ!" ಬೆಳಗ್ಗೆ ನೋಡಿದರೆ ತಲೆಬಾಗಿಲ ಹೊರಗಡೆ, ಅವಳ ಕೈಗೆಟುಕುವಷ್ಟು ಎತ್ತರದಲ್ಲಿ, ರಂಗೋಲಿ ಸೀಮೆಸುಣ್ಣದಲ್ಲಿ ಬರೆದಿತ್ತು. ನಾಳೆ ಬಾ. 'ಳೆ' ತಿರುಗುಮುರುಗಾಗಿತ್ತು.

ಸಂಜೆ ಅವಳು ಕೇಳಿದಳು. ದೊಡ್ಡವರ ಹತ್ತಿರ ಅಲ್ಲ, ನಮ್ಮ ಹತ್ತಿರ.

"ಕರ್ಮ ಮಾಡದಿದ್ರೆ ದೆವ್ವ ಆಗ್ತಾರೆ ಅಂತ ಅಜ್ಜಿನೇ ಹೇಳಿದ್ರಲ್ಲ. ಈಗ ಅಜ್ಜಿ ದೆವ್ವ ಆಗಿರ್ತಾರಾ?"

ದೆವ್ವ ಇಲ್ಲ ಕಣೇ ಅನ್ನಬಹುದಿತ್ತು. ಮಾವನ ಉತ್ತರ ಅದೇ, ಸತ್ಯವೂ ಅದೇ. ಆದರೆ ಆ ನಿಯಮವನ್ನು ಅಜ್ಜಿಯ ಬಾಯಿಂದ ಕೇಳಿ ರೋಮಾಂಚನ ಪಟ್ಟವರು ನಾವೇ. ಆ ರಾತ್ರಿ ಬಚ್ಚಲುಮನೆಗೆ ಹೋಗೋಕೆ ನಾವು ಮೂವರೂ ಒಬ್ಬರಿಗೊಬ್ಬರು ಜೊತೆಯಾಗಿದ್ದೆವು ಅನ್ನೋದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇವೆ. ಹದಿನಾರು ವರ್ಷದವರು, ಕೈ ಕೈ ಹಿಡಿದುಕೊಂಡು.

ಏನು ಹೇಳಬೇಕೋ ತೋಚದೆ ನಮ್ಮಲ್ಲೊಬ್ಬಳು ಬೀರು ತೆಗೆದು ಬೇತಾಳನ ಕಥೆ ಇದ್ದ ದಪ್ಪ ರಟ್ಟಿನ ಪುಸ್ತಕ ತಂದಳು. ಚಿಕ್ಕವಳು ಅದುವರೆಗೆ ಅದನ್ನು ಓದಿರಲಿಲ್ಲ. ಒಂದಾದ ಮೇಲೊಂದು ಓದಿದೆವು. ಎರಡನೆಯದಕ್ಕೆ ಅವಳೇ ಉತ್ತರ ಹೇಳೋಕೆ ಶುರು ಮಾಡಿದಳು. ನಾಲ್ಕನೆಯದಕ್ಕೆ ರಾಜನ ಜೊತೆ ಜಗಳ. "ತಪ್ಪು ಉತ್ತರ ಹೇಳಿದ್ದಾನೆ ಇವನು." ಮೂರು ದಿನದಿಂದ ಆ ಮನೆಯಲ್ಲಿ ಕೇಳಿದ ಮೊದಲ ಜೋರು ದನಿ ಅದು.

"ಕೊನೆಗೆ ಏನಾಗುತ್ತೆ?" ಅಂದಳು.

ಮಾಸಪತ್ರಿಕೆಯಲ್ಲಿ ಕೊನೆ ಬರೋದಿಲ್ಲ, ಮುಂದಿನ ತಿಂಗಳು ಮತ್ತೆ ಮರದಿಂದಲೇ ಶುರು. ಆದರೆ ಹಳೇ ಕಥೆಯಲ್ಲಿ ಕೊನೆ ಇದೆ. ಅಜ್ಜಿ ನಮಗೆ ಹೇಳಿದ್ದನ್ನು ನಾವು ಅವಳಿಗೆ ಹೇಳಿದೆವು. ಹೆಣ ಹೊತ್ತು ತಾ ಅಂತ ರಾಜನನ್ನು ಕಳಿಸಿದ್ದು ಒಬ್ಬ ಭಿಕ್ಷು. ಅವನಿಗೆ ರಾಜನನ್ನೇ ಬಲಿ ಕೊಡೋ ಹುನ್ನಾರ. ಅದನ್ನು ರಾಜನಿಗೆ ತಿಳಿಸಿ ಜೀವ ಉಳಿಸೋದು ಯಾರು? ಬೇತಾಳ. ಅಷ್ಟು ಹೊತ್ತು ಹೆಗಲ ಮೇಲೆ ಕೂತು ಸತಾಯಿಸಿದ್ದು ಹೆದರಿಸೋಕಲ್ಲ, ಇವನು ಎಂಥವನು ಅಂತ ನೋಡೋಕೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಾಗಾದ್ರೆ ಅಜ್ಜಿ ದೆವ್ವ ಆಗಿದ್ರೂ ನಮ್ಮ ಕಡೇನೇ ಅಲ್ವಾ?"

ನಾವು ಹೂಂ ಅಂದೆವು. ಅದಕ್ಕಿಂತ ಜಾಸ್ತಿ ಮಾತಾಡೋ ಸ್ಥಿತಿಯಲ್ಲಿ ನಾವಿರಲಿಲ್ಲ.

ಮಾರನೇ ಬೆಳಗ್ಗೆ ಅವಳು ಒದ್ದೆ ಬಟ್ಟೆ ತಗೊಂಡು ತಲೆಬಾಗಿಲು ಒರೆಸುತ್ತಿದ್ದಳು. ಯಾಕೆ ಅಂತ ಕೇಳಿದರೆ, ಇದೂ ಗೊತ್ತಾಗಲ್ವಾ ಅನ್ನೋ ಹಾಗೆ ನಮ್ಮನ್ನು ನೋಡಿ ಹೇಳಿದಳು.

"ಅಜ್ಜಿಗೆ ಕನ್ನಡ ಓದೋಕೆ ಬರುತ್ತಲ್ಲ. ಓದ್ಬಿಟ್ಟು ವಾಪಸ್ ಹೋಗ್ಬಿಟ್ರೆ?"

ಇದನ್ನು ನಾವು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮುಂದೆ ಕರ್ಮ ಆಯ್ತು, ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟದ್ದೂ ಆಯ್ತು. ಆದರೆ ನಮ್ಮ ಮೂವರಿಗೆ ಅಜ್ಜಿಯನ್ನು ಕಳಿಸಿಕೊಟ್ಟ ಹಾಗೆ ಅನಿಸಿದ್ದು ಆ ಬಾಗಿಲು ಒರೆಸಿದ ಬೆಳಗ್ಗೆ. ಕಳಿಸಿಕೊಟ್ಟದ್ದೋ, ಒಳಗೆ ಕರೆದದ್ದೋ, ಗೊತ್ತಿಲ್ಲ.

ಅದೇ ಜುಲೈನಲ್ಲಿ ಪರೀಕ್ಷೆ ಬರೆದೆವು. ಹತ್ತನೇ ಕ್ಲಾಸಿನ ಇಂಗ್ಲಿಷ್ ಪಠ್ಯದಲ್ಲಿ ಆರ್.ಕೆ. ನಾರಾಯಣರ 'ಎ ಹೀರೋ' ಇತ್ತು. ಸ್ಟೇಟ್ ಸಿಲಬಸ್‌ನವರಿಗೆ ನೆನಪಿರುತ್ತೆ. ಸ್ವಾಮಿ ಅಜ್ಜಿಯ ಪಕ್ಕ ಮಲಗೋನು. ಧೈರ್ಯ ತೋರಿಸು ಅಂತ ಅಪ್ಪ ಅವನನ್ನು ಆಫೀಸು ರೂಮಿನಲ್ಲಿ ಒಬ್ಬನೇ ಮಲಗಿಸ್ತಾರೆ. ಅವನು ಹೆದರಿ, ದೆವ್ವ ಅಂದುಕೊಂಡು ಕಚ್ಚಿದ್ದು ಕಳ್ಳನ ಕಾಲು. ಊರೆಲ್ಲ ಹೀರೋ ಅಂತು. ಮೇಷ್ಟ್ರು ಇದರಿಂದ ಕೇಳ್ತಿದ್ದ ಪ್ರಶ್ನೆ ಯಾವಾಗಲೂ ಧೈರ್ಯದ ಮೇಲೆ. ನಮಗೆ ಮುಖ್ಯ ಅನಿಸಿದ್ದು ಕಥೆಯ ಕೊನೆ. ಅಷ್ಟೆಲ್ಲ ಆದ ಮೇಲೂ ಸ್ವಾಮಿ ಹೋಗಿ ಮಲಗೋದು ಅಜ್ಜಿಯ ಪಕ್ಕವೇ. ಮಕ್ಕಳ ದೆವ್ವದ ಕಥೆ ಹೇಳೋದೂ ಇಷ್ಟೇ. ಹೆದರು, ಪರವಾಗಿಲ್ಲ. ಕೈಲಾದರೆ ಕಚ್ಚು. ಆಮೇಲೆ ಬಂದು ಮಲಗು, ಜಾಗ ಇದೆ.

ಆ ವಯಸ್ಸಿನವರಿಗೆ ಇಂಥ ಕಥೆ ಬೇಕೇ ಬೇಕು ಅಂತ ನಾವು ನಂಬುತ್ತೇವೆ. ಗುಮ್ಮನನ್ನು ನಂಬೋ ವಯಸ್ಸು ದಾಟಿರುತ್ತೆ, ಸಾವು ಅನ್ನೋದು ನಿಜ ಅಂತ ಆಗ ತಾನೇ ತಿಳಿದಿರುತ್ತೆ, ಕೇಳೋಕೆ ಹೋದರೆ ದೊಡ್ಡವರು ಮಾತು ಬದಲಾಯಿಸುತ್ತಾರೆ. ಮೊದಲ ಸಲ ಭಯ ಬಾಗಿಲು ಬಡಿದಾಗ, ಅದಕ್ಕೆ ಮುಂಚೆ ಹತ್ತಾರು ಸಲ ಪುಸ್ತಕದಲ್ಲಿ ಹೆದರಿ ಹೊರಗೆ ಬಂದ ಅಭ್ಯಾಸ ಇದ್ದರೆ ಒಳ್ಳೆಯದು. ಆ ಅಭ್ಯಾಸ ಕನ್ನಡದಲ್ಲಿ ಆಗೋದು ಈಗ ಕಷ್ಟ. ಚಂದಮಾಮ ನಿಂತು ಹತ್ತು ವರ್ಷದ ಮೇಲಾಯ್ತು. ಗಾಂಧಿಬಜಾರಿನ ಅಂಗಡಿಗೆ ಹೋಗಿ ಹನ್ನೊಂದು ವರ್ಷದ ಹುಡುಗಿಗೆ ಒಂದು ಒಳ್ಳೆ ಕನ್ನಡ ದೆವ್ವದ ಪುಸ್ತಕ ಕೊಡಿ ಅಂದಾಗ ನಮ್ಮ ಕೈಗೆ ಬಂದದ್ದು ಪಂಚತಂತ್ರ ಮತ್ತು ತೆನಾಲಿ ರಾಮ. ಒಳ್ಳೆಯವೇ, ಆದರೆ ಬಚ್ಚಲುಮನೆಗೆ ಹೋಗೋಕೆ ಯಾರಿಗೂ ಭಯ ಆಗಲ್ಲ.

ಅದಕ್ಕೇ ಸಂಘದವರ ಹತ್ತಿರ ಮಾತಾಡಿದ್ದೇವೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ದೆವ್ವಗಳಿಗೆ ಮೀಸಲು. ನಿಮ್ಮೂರಿನದು, ನಿಮ್ಮ ಅಜ್ಜಿಯದು, ಹಾಸ್ಟೆಲ್ಲಿನ ಮೂರನೇ ಮಹಡಿಯದು, ಯಾವುದಾದರೂ ಕಳಿಸಿ. ಷರತ್ತು ಮೂರೇ. ಹತ್ತು ವರ್ಷದವರಿಗೆ ಅರ್ಥ ಆಗಬೇಕು. ನಿಜವಾಗಿಯೂ ಭಯ ಆಗಬೇಕು. ಮತ್ತೆ ಕೊನೆ ಇರಬೇಕು, ದಯವಿಟ್ಟು.

ಚಿಕ್ಕವಳಿಗೆ ಈಗ ಹದಿಮೂರು. ಇದನ್ನು ಮೊದಲು ಅವಳಿಗೇ ಓದೋಕೆ ಕೊಟ್ಟೆವು, ಅವಳ ಒಪ್ಪಿಗೆ ಬೇಕಿತ್ತು. ಓದಿ ಮುಗಿಸಿ, "ಳೆ ತಿರುಗುಮುರುಗಾಗಿ ಬರೆದಿರಲಿಲ್ಲ, ಸುಳ್ಳು" ಅಂದಳು. ಅದೊಂದು ಬಿಟ್ಟರೆ ಹಾಕಿಕೊಳ್ಳಿ ಅಂದಿದ್ದಾಳೆ. ನಮಗೆ ನೆನಪಿರೋ ಹಾಗೆಯೇ ಬಿಟ್ಟಿದ್ದೇವೆ.